ಮನೆಮಂದಿಯ ಕಾಲಳತೆ

ಮಗಳು: ದೊಡ್ಡಮ್ಮ, ಗುಂಡ್ಯದಲ್ಲಿ ಕೂತು ಉಣ್ಣೆಯ ಕಾಲುಚೀಲ ಹೆಣೆಯುವುದು ಎಂತಕ್ಕೆ? ಅದೂ ತೂತು ತೂತಿನ ಲೇಸ್ ವಿನ್ಯಾಸದ್ದು. ಇಲ್ಲಿ ಬೇಸಿಗೆಗೆ ಬೆವರು, ಮಳೆಗಾಲಕ್ಕೆ ಕೆಸರು. ಮನೆಯೊಳಗೆ ಎಲ್ಲರೂ ಬರಿಗಾಲು. ಪುತ್ತೂರಿನ ಸಂತೆಗೆ ಹೋದರೆ ಮೂರು ಮೂರು ಜೋಡಿ ಒಟ್ಟಿಗೆ ಕಟ್ಟಿ ಕೊಡ್ತಾರೆ.

ದೊಡ್ಡಮ್ಮ: ಸಂತೆಯದ್ದು ಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ದೊಡ್ಡಪ್ಪ ತೋಟಕ್ಕೆ ಹೋಗುವಾಗ ಗಂಬೂಟಿನೊಳಗೆ ಹಾಕುವುದು ಅದನ್ನೇ. ಆದರೆ ಕಾಲುಚೀಲ ಅಂದರೆ ಚಳಿ ದೇಶದವರ ವಸ್ತು ಅಂತ ತಿಳಿಯಬೇಡ. ಉಳಿದು ಬಂದಿರುವ ಹಳೇ ಕಾಲುಚೀಲಗಳಲ್ಲಿ ತುಂಬ ಚಂದದವು ಈಜಿಪ್ಟಿನವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಕೆಂಪು ಉಣ್ಣೆಯದ್ದೊಂದು ಜೋಡಿ ಉಂಟು, 1,600 ವರ್ಷಕ್ಕೂ ಹಿಂದಿನದು. ಸೊಸೆ ಅದರ ಚಿತ್ರ ಕಳಿಸಿದ್ದಳು. ಹೆಬ್ಬೆರಳಿಗೆ ಒಂದು ಚೀಲ, ಉಳಿದ ನಾಲ್ಕು ಬೆರಳಿಗೆ ಸೇರಿಸಿ ಇನ್ನೊಂದು. ಯಾಕೆ ಹೇಳು ನೋಡುವ?

ಮಗಳು: ಚಪ್ಪಲಿಯ ಪಟ್ಟಿ ಬೆರಳ ಸಂದಿಯಲ್ಲಿ ಕೂರಲಿಕ್ಕಾ?

ದೊಡ್ಡಮ್ಮ: ಅದಕ್ಕೇ. ನಮ್ಮ ಹವಾಯಿ ಚಪ್ಪಲಿಯ ಹಾಗಿನ ಪಾದರಕ್ಷೆಯ ಜೊತೆಗೆ ಹಾಕುವುದಕ್ಕೆ ಮಾಡಿದ್ದು. ಅದು ನಮ್ಮ ಎರಡು ಕಡ್ಡಿಯ ಹೆಣಿಗೆ ಅಲ್ಲ, ಕಣ್ಣಿರುವ ಒಂದೇ ಸೂಜಿಯಲ್ಲಿ ತುಂಡು ತುಂಡು ನೂಲು ಹಿಡಿದು ಸುತ್ತಿ ಮಾಡುವ ಬೇರೆ ವಿದ್ಯೆ. ಅಲ್ಲಿಯ ಸೆಕೆ ಇಲ್ಲಿಗಿಂತ ಏನು ಕಡಿಮೆ? ಆದರೂ ಯಾರೋ ಒಬ್ಬರು ಇನ್ನೊಬ್ಬರ ಪಾದ ನೋಡಿ, ಅವರ ಚಪ್ಪಲಿ ನೋಡಿ, ಅದಕ್ಕೆ ಸರಿಯಾಗಿ ಹೆಣೆದಿದ್ದಾರೆ. ನನಗೆ ಹಿಡಿಸಿದ್ದು ಅದು.

ಮಗಳು: ಲೇಸ್ ವಿನ್ಯಾಸವೂ ಅಷ್ಟು ಹಳೇದಾ?

ದೊಡ್ಡಮ್ಮ: ಅಲ್ಲ, ಅದು ತುಂಬ ಈಚಿನದು. ಇಟಲಿಯ ಫ್ಲಾರೆನ್ಸಿನಲ್ಲಿ ಎಲಿಯೊನೋರಾ ಅಂತ ಒಬ್ಬಳು ಡಚೆಸ್ ಇದ್ದಳು. 1562ರಲ್ಲಿ ತೀರಿಕೊಂಡಾಗ ಅವಳಿಗೆ ಕೆಂಪು ರೇಷ್ಮೆಯ ಹೆಣೆದ ಕಾಲುಚೀಲ ಹಾಕಿ ಹೂಳಿದ್ದರು. ಸಮಾಧಿ ತೆಗೆದಾಗ ಸಿಕ್ಕಿದ್ದರಲ್ಲಿ ಬೇಕೆಂದೇ ಬಿಟ್ಟ ಕಿಂಡಿಗಳ ವಿನ್ಯಾಸ ಇತ್ತು. ಅದಾಗಿ ಮೂವತ್ತು ವರ್ಷ ಆಗುವ ಮೊದಲೇ, 1589ರಲ್ಲಿ, ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಸಂತೆಯಲ್ಲಿ ಮೂರು ಜೋಡಿ ಕಟ್ಟಿ ಕೊಡುವುದರ ಮೂಲ ಅಲ್ಲಿ ಉಂಟು.

ಮಗಳು: ಮತ್ತೆ ನಮ್ಮ ಊರಿಗೆ?

ದೊಡ್ಡಮ್ಮ: ನಮ್ಮ ಜಿಲ್ಲೆಗೆ ಹೆಣಿಗೆಯನ್ನು ತಂದದ್ದು ಮಿಷನ್ನಿನವರು, ಕಾನ್ವೆಂಟಿನವರು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1870ರಲ್ಲಿ. ಹುಡುಗಿಯರ ಶಾಲೆ ಅಂದ ಮೇಲೆ ಓದು ಬರಹದ ಜೊತೆಗೆ ಸೂಜಿ ಕೆಲಸವೂ ಇರಲೇಬೇಕು ಅಂತ ಆಗಿನ ಎಣಿಕೆ. ನನ್ನ ಕಾಲದಲ್ಲಿಯೂ ಹೊಲಿಗೆ ಟೀಚರ್ ಇದ್ದರು. ಕ್ರೋಶಾದಲ್ಲಿ ಮೇಜಿನ ಬಟ್ಟೆ, ಕಡ್ಡಿಯಲ್ಲಿ ಮಗುವಿನ ಟೊಪ್ಪಿ, ಇಷ್ಟು ಬಂದರೆ ಹುಡುಗಿ ತಯಾರು. ಕಾಲುಚೀಲ ಮಾತ್ರ ಅಲ್ಲಿ ಕಲಿಸಲಿಲ್ಲ. ಹಿಮ್ಮಡಿ ತಿರುಗಿಸುವುದು ಕಷ್ಟ ಅಂತ ಬಿಟ್ಟಿರಬೇಕು. ನಾನು ಅದನ್ನು ಕಲಿತದ್ದು ಮಗ ಅಬರ್ಡೀನಿಗೆ ಹೋದ ಮೇಲೆ.

ಮಗಳು: ಸರಿ. ಆದರೂ ನೇರ ಕೇಳ್ತೇನೆ, ಇದನ್ನು ಹಾಕಿಕೊಂಡು ನಮ್ಮ ತೋಟಕ್ಕೆ ಇಳಿದರೆ ಉಂಬಳ ಬಿಡ್ತದಾ? ಆ ಕಿಂಡಿಯಲ್ಲೇ ಹೊಕ್ಕುತ್ತದೆ.

ದೊಡ್ಡಮ್ಮ: ಹೊಕ್ಕುತ್ತದೆ. ಕಿಂಡಿ ಇಲ್ಲದ ಸಾದಾ ಹೆಣಿಗೆಯಲ್ಲಿಯೂ ಹೊಕ್ಕುತ್ತದೆ. ಹೆಣಿಗೆ ಅಂದರೆ ಕುಣಿಕೆಯೊಳಗೆ ಕುಣಿಕೆ, ಎಳೆದರೆ ಹಿಗ್ಗುತ್ತದೆ. ಉಂಬಳಕ್ಕೆ ನೂಲಿನಷ್ಟು ದಾರಿ ಸಿಕ್ಕಿದರೆ ಸಾಕು. ಅದಕ್ಕೇ ಕುಮಾರಪರ್ವತ ಹತ್ತುವವರು ಒತ್ತು ನೇಯ್ಗೆಯ ಬಟ್ಟೆಯಲ್ಲಿ ಹೊಲಿದ ಚೀಲವನ್ನು ಕಾಲುಚೀಲದ ಮೇಲೆ ಹಾಕಿ ಮೊಣಕಾಲಿನ ಕೆಳಗೆ ದಾರದಿಂದ ಬಿಗೀತಾರೆ. ನೇಯ್ದ ಬಟ್ಟೆ ಹಾಗೆ ಹಿಗ್ಗುವುದಿಲ್ಲ. ನಮ್ಮ ಆಳುಗಳು ಹೊಗೆಸೊಪ್ಪು, ಸುಣ್ಣ, ಉಪ್ಪಿನ ನೀರು ಹಚ್ಚಿಕೊಳ್ತಾರೆ. ತೋಟಕ್ಕೆ ತೋಟದ್ದು, ಮನೆಗೆ ಮನೆಯದ್ದು. ಲೇಸಿನ ಕಾಲುಚೀಲ ಕಾಡಿಗೆ ಇಳಿಯಲಿಕ್ಕೆ ಮಾಡಿದ್ದಲ್ಲ.

ಮಗಳು: ಹಾಗಾದರೆ ಯಾರಿಗೆ ಮಾಡುವುದು?

ದೊಡ್ಡಮ್ಮ: ನಮ್ಮ ಮನೆಯ ಪಾದಗಳು ಈಗ ಎಲ್ಲೆಲ್ಲಿ ಉಂಟು ಎಣಿಸು. ಅಜ್ಜಿ, ದೊಡ್ಡಪ್ಪ, ನಾನು ಇಲ್ಲಿ, ಶಿರಾಡಿ ಘಾಟಿಯ ಬುಡದಲ್ಲಿ. ನಿನ್ನ ಅಕ್ಕ ಘಾಟಿಯ ಮೇಲೆ, ಸಕಲೇಶಪುರದ ಕಾಫಿ ತೋಟದಲ್ಲಿ. ಅದು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ. ಘಾಟಿಯ ಕೆಳಗೆ ರೈಲು ಹತ್ತಿದರೆ 57 ಸುರಂಗ ದಾಟುವಷ್ಟರಲ್ಲಿ ಗಾಳಿಯೇ ಬೇರೆ. ಡಿಸೆಂಬರಿನಲ್ಲಿ ಅವಳ ಮನೆಯ ನೆಲಕ್ಕೆ ಬೆಳಿಗ್ಗೆ ಕಾಲಿಡಲಿಕ್ಕೆ ಆಗುವುದಿಲ್ಲ. ಇನ್ನು ಅಣ್ಣ, ಅತ್ತಿಗೆ, ಅವರ ಹುಡುಗ ಸ್ಕಾಟ್ಲೆಂಡಿನಲ್ಲಿ. ನೀನು ಬೆಂಗಳೂರಿನ ಏಸಿ ಆಫೀಸಿನಲ್ಲಿ. ಗುಂಡ್ಯದಲ್ಲಿ ಚಳಿ ಇಲ್ಲ ಅಂತ ನೀನು ಹೇಳ್ತಿ, ಆದರೆ ಗುಂಡ್ಯದ ಮನೆಯವರಿಗೆ ಚಳಿ ಉಂಟಲ್ಲ?

ಮಗಳು: ಎಲ್ಲರಿಗೂ ಒಂದೇ ವಿನ್ಯಾಸ ಮಾಡಬೇಕು ಅಂತ ನನ್ನ ಆಸೆ. ಹಬ್ಬಕ್ಕೆ ಎಲ್ಲರಿಗೂ ಒಂದೇ ಸೀರೆಯ ಅಂಚು ತೆಗೆದ ಹಾಗೆ. ಎಲೆಯ ವಿನ್ಯಾಸ ಒಂದು ನೋಡಿಟ್ಟಿದ್ದೇನೆ, ತುಂಬ ಚಂದ ಉಂಟು.

ದೊಡ್ಡಮ್ಮ: ಅಲ್ಲೇ ನಿಲ್ಲು. ವಿನ್ಯಾಸ ನೋಡಿಟ್ಟು ಆಮೇಲೆ ಪಾದ ಹುಡುಕುವುದು ತಲೆಕೆಳಗಿನ ಕೆಲಸ. ಮೊದಲು ಪಾದ. ಕಾಲುಚೀಲದಲ್ಲಿ ನಾನು ಗಟ್ಟಿಯಾಗಿ ಹಿಡಿದಿರುವ ಮಾತು ಇದೊಂದೇ. ಅಳತೆಪಟ್ಟಿ ತಾ, ಹೇಳ್ತೇನೆ.

ಬೆರಳುಗಳ ಬುಡದಲ್ಲಿ ಪಾದ ಅಗಲ ಇರ್ತದಲ್ಲ, ಅಲ್ಲಿ ಸುತ್ತಳತೆ ತೆಗಿ. ನಿಂತುಕೊಂಡು ತೆಗೆಯಬೇಕು, ಕೂತರೆ ಪಾದ ಹರಡುವುದಿಲ್ಲ. ನಿನ್ನ ಅಕ್ಕನದ್ದು 9 ಇಂಚು. ಕಾಲುಚೀಲವನ್ನು 9 ಇಂಚಿಗೇ ಹೆಣೆದರೆ ಶೂವಿನೊಳಗೆ ಮಡಚಿಕೊಂಡು ಕೂರ್ತದೆ. ಹತ್ತಕ್ಕೆ ಒಂದು ಪಾಲು ಕಡಿಮೆ ಮಾಡು, ಎಳೆದು ಕೂತಾಗ ಪಾದವನ್ನು ಹಿಡಿದುಕೊಳ್ತದೆ. 9ಕ್ಕೆ 8 ಇಂಚು ಅಂತ ಇಟ್ಟುಕೋ. ಸಪೂರ ನೂಲು, ಎರಡೂವರೆ ಮಿಲಿಮೀಟರಿನ ಒಳಗಿನ ಕಡ್ಡಿ ಹಿಡಿದರೆ ನನ್ನ ಕೈಗೆ ಇಂಚಿಗೆ 8 ಕುಣಿಕೆ ಬರ್ತದೆ. ನಿನ್ನ ಕೈ ಬೇರೆ, ಅಂಗೈಯಷ್ಟು ತುಂಡು ಹೆಣೆದು ಎಣಿಸಿಯೇ ಶುರು ಮಾಡಬೇಕು. 8 ಇಂಚಿಗೆ ಎಂಟೆಂಟಲ 64 ಕುಣಿಕೆ. ಅಣ್ಣನ ಪಾದ 10 ಇಂಚು, ಅವನಿಗೆ 9 ಇಂಚಿನ ಚೀಲ, 72 ಕುಣಿಕೆ. ಹುಡುಗನದ್ದು ಮುಕ್ಕಾಲು ಕಡಿಮೆ ಏಳಿಂಚು ಅಂತ ಅತ್ತಿಗೆ ಬರೆದಿದ್ದಾಳೆ...

ಮಗಳು: ಮುಕ್ಕಾಲು ಕಡಿಮೆಯಾ, ಕಾಲು ಕಡಿಮೆಯಾ?

ದೊಡ್ಡಮ್ಮ: ಕಾಲು ಕಡಿಮೆ ಏಳು, ಆರೂಮುಕ್ಕಾಲು. ಅವನಿಗೆ 6 ಇಂಚಿನ ಚೀಲ, 48 ಕುಣಿಕೆ. ಈಗ ನಿನ್ನ ಎಲೆಯ ವಿನ್ಯಾಸ ಹೇಳು. ಎಷ್ಟು ಕುಣಿಕೆಗೊಮ್ಮೆ ಮರಳಿ ಬರ್ತದೆ?

ಮಗಳು: 8.

ದೊಡ್ಡಮ್ಮ: 64ಕ್ಕೆ ಸರಿಯಾಗಿ ಎಂಟು ಎಲೆ. 48ಕ್ಕೆ ಆರು, 72ಕ್ಕೆ ಒಂಬತ್ತು. ಇಲ್ಲಿಯವರೆಗೆ ಎಲ್ಲ ಹೊಂದಿತು ಅಂತ ಕಾಣ್ತದೆ ಅಲ್ವಾ? ಹಿಮ್ಮಡಿ ಕಳೆದು ಪಾದಕ್ಕೆ ಬಂದಾಗ ಕುಣಿಕೆಗಳನ್ನು ಎರಡು ಪಾಲು ಮಾಡಬೇಕು. ಅರ್ಧ ಪಾದದ ಮೇಲ್ಗಡೆಗೆ, ಅರ್ಧ ಅಂಗಾಲಿಗೆ. ಲೇಸ್ ಇರುವುದು ಮೇಲ್ಗಡೆ ಮಾತ್ರ, ಅಂಗಾಲು ಸಾದಾ. ಅಂಗಾಲಿನಲ್ಲಿ ಕಿಂಡಿ ಬಿಟ್ಟರೆ ನಡೆಯುವಾಗ ಚುಚ್ಚುತ್ತದೆ, ಬೇಗ ಹರೀತದೆ. 64ರಲ್ಲಿ ಅರ್ಧ 32, ನಾಲ್ಕು ಎಲೆ. 48ರಲ್ಲಿ ಅರ್ಧ 24, ಮೂರು ಎಲೆ. ಅಣ್ಣನ 72ರಲ್ಲಿ ಅರ್ಧ 36.

ಮಗಳು: ನಾಲ್ಕೂವರೆ ಎಲೆ.

ದೊಡ್ಡಮ್ಮ: ಅರ್ಧ ಎಲೆ ಹೆಣೆಯಲಿಕ್ಕೆ ಬರುವುದಿಲ್ಲ. ಅಜ್ಜಿಗೆ 56 ಹಿಡಿದರೂ ಇದೇ ಕತೆ, ಅರ್ಧ 28, ಮೂರೂವರೆ. ದಾರಿ ಎರಡು ಉಂಟು. ಮಧ್ಯದಲ್ಲಿ ಅಣ್ಣನಿಗೆ ನಾಲ್ಕು, ಅಜ್ಜಿಗೆ ಮೂರು ಎಲೆ ಇಟ್ಟು ಆಚೆ ಈಚೆ ಎರಡೆರಡು ಕುಣಿಕೆ ಸಾದಾ ಬಿಡುವುದು. ಚಂದವೇ ಕಾಣ್ತದೆ, ಎಲೆಗೆ ಅಂಚು ಕಟ್ಟಿದ ಹಾಗೆ. ಇನ್ನೊಂದು, ವಿನ್ಯಾಸವನ್ನೇ ಬದಲಿಸುವುದು. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ದ್ವೀಪಗಳುಂಟು, ಉಂಗುರದೊಳಗಿಂದ ಎಳೆಯಬಹುದಾದಷ್ಟು ನಯದ ಲೇಸ್ ಶಾಲಿಗೆ ಹೆಸರಾದ ಊರು. ಅಲ್ಲಿಯದ್ದೊಂದು ಅಲೆಯ ವಿನ್ಯಾಸ ನನಗೆ ತುಂಬ ಇಷ್ಟ. 18 ಕುಣಿಕೆಗೊಮ್ಮೆ ಮರಳ್ತದೆ. ಮೂರು ಸಲ ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡು. ಆಮೇಲೆ ನೂಲನ್ನು ಕಡ್ಡಿಗೆ ಒಂದು ಸುತ್ತು ಹಾಕಿ ಒಂದು ಕುಣಿಕೆ ಹೆಣಿ, ಹೀಗೆ ಆರು ಸಲ. ಮತ್ತೆ ಮೂರು ಸಲ ಎರಡು ಸೇರಿಸಿ ಒಂದು. ನಾಲ್ಕು ಸಾಲಿಗೆ ಒಂದು ಸಾಲು ಮಾತ್ರ ಈ ಕೆಲಸ, ಉಳಿದ ಮೂರು ಸಾಲು ಕೈ ತನ್ನಷ್ಟಕ್ಕೆ ಹೋಗ್ತದೆ.

ಮಗಳು: ಸೇರಿಸಿದ್ದು ಆರು, ಸುತ್ತು ಹಾಕಿ ಹೊಸದಾಗಿ ಹುಟ್ಟಿದ್ದು ಆರು. 18 ಇದ್ದದ್ದು 18 ಆಗಿಯೇ ಉಳೀತದೆ.

ದೊಡ್ಡಮ್ಮ: ಲೇಸಿನ ಗುಟ್ಟು ಪೂರ್ತಿ ಅಷ್ಟೇ. ಪ್ರತಿ ಕಿಂಡಿಗೂ ಎಲ್ಲೋ ಒಂದು ಕಡೆ ಜೋಡಿಸಿದ ಕುಣಿಕೆ ಇರಲೇಬೇಕು. ತಪ್ಪಿದರೆ ಕಾಲುಚೀಲ ಅಗಲ ಆಗುತ್ತಾ ಹೋಗ್ತದೆ ಇಲ್ಲವೆ ಕಿರಿದಾಗುತ್ತಾ ಹೋಗ್ತದೆ. ಅದಕ್ಕೇ ಅಲೆಯ ಸಾಲು ಮುಗಿದ ಕೂಡಲೆ ಎಣಿಸುವುದು. ಅಣ್ಣನ 72ಕ್ಕೆ ಸುತ್ತ ನಾಲ್ಕು ಅಲೆ, ಮೇಲ್ಗಡೆಯ 36ಕ್ಕೆ ಎರಡು. ಒಂದೂ ಉಳಿಯುವುದಿಲ್ಲ. ಅದೇ ಅಲೆಯನ್ನು 12 ಕುಣಿಕೆಗೆ ಸಣ್ಣದು ಮಾಡಬಹುದು. ಎರಡು ಸಲ ಸೇರಿಸು, ನಾಲ್ಕು ಸಲ ಸುತ್ತು, ಎರಡು ಸಲ ಸೇರಿಸು. ಹುಡುಗನ 48ಕ್ಕೆ ನಾಲ್ಕು ಅಲೆ, ಮೇಲ್ಗಡೆಯ 24ಕ್ಕೆ ಎರಡು. ಅಪ್ಪನ ಪಾದದ ಮೇಲೂ ಎರಡು ಅಲೆ, ಮಗನ ಪಾದದ ಮೇಲೂ ಎರಡು ಅಲೆ. ಅಳತೆ ಮಾತ್ರ ಅವರವರದ್ದು. ಎಲ್ಲರಿಗೂ ಒಂದೇ ವಿನ್ಯಾಸ ಅಂತ ನೀನು ಕೇಳಿದ್ದು ಹೀಗಾದರೆ ನನಗೆ ಒಪ್ಪಿಗೆ.

ಮಗಳು: ಅಕ್ಕನ 64ಕ್ಕೆ 18 ಹೊಂದುವುದಿಲ್ಲ, 12ಕ್ಕೂ ಹೊಂದುವುದಿಲ್ಲ.

ದೊಡ್ಡಮ್ಮ: ಅವಳಿಗೆ ನಿನ್ನ ಎಲೆ. ಇಲ್ಲ, ಅಲೆಯೇ ಬೇಕು ಅಂದರೆ ಒಂದು ಗಾತ್ರ ಸಪೂರ ಕಡ್ಡಿಯಲ್ಲಿ 72 ಹಾಕು. ಇಂಚಿಗೆ 9 ಕುಣಿಕೆ ಬಂದರೆ 72ಕ್ಕೂ 8 ಇಂಚೇ ಆಯಿತು. ನಾನಾದರೆ ಎಲೆ ಮಾಡ್ತೇನೆ. ಕಾಫಿ ತೋಟದ ಮನೆಯವಳಿಗೆ ಎಲೆ ಒಪ್ಪುತ್ತದೆ.

ಮಗಳು: ಹಿಮ್ಮಡಿ ಹೇಗೆ ತಿರುಗಿಸುವುದು? ಅಲ್ಲಿಗೆ ಬಂದರೆ ನನ್ನ ತಲೆ ನಿಲ್ತದೆ.

ದೊಡ್ಡಮ್ಮ: ಹೆದರುವುದು ಬೇಡ, ಲೆಕ್ಕ ಹಿಡಿದರೆ ಸಾಕು. 64 ಕುಣಿಕೆಯಲ್ಲಿ 32ನ್ನು ಮಾತ್ರ ಹಿಂದೆ ಮುಂದೆ ಹೆಣೆದು ಹಿಮ್ಮಡಿಯ ಹಿಂಭಾಗಕ್ಕೆ ಒಂದು ಚೌಕ ಪಟ್ಟಿ ಮಾಡು, 32 ಸಾಲು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸರಿಸಿಕೋ, ಅಂಚಿನಲ್ಲಿ 16 ದೊಡ್ಡ ಕುಣಿಕೆಗಳು ಸರಪಳಿಯಾಗಿ ನಿಲ್ತವೆ. ಈ ಪಟ್ಟಿಯಲ್ಲಿ ಒಂದು ಕುಣಿಕೆ ಹೆಣೆದು ಒಂದನ್ನು ಸರಿಸಿದರೆ ಬಟ್ಟೆ ಎರಡು ಪದರದಷ್ಟು ದಪ್ಪ ಆಗ್ತದೆ. ಚಪ್ಪಲಿ, ಶೂ ಉಜ್ಜುವುದು ಅಲ್ಲೇ ಅಲ್ವಾ? ಅಲ್ಲಿ ಲೇಸ್ ಖಂಡಿತ ಬೇಡ. ಆಮೇಲೆ ಮಧ್ಯದಿಂದ ಶುರು ಮಾಡಿ ಅರ್ಧಂಬರ್ಧ ಸಾಲುಗಳನ್ನು ಹೆಣೆಯುತ್ತಾ ತುದಿಯಲ್ಲಿ ಎರಡೆರಡು ಸೇರಿಸುತ್ತಾ ಹೋಗು. 32 ಇದ್ದದ್ದು 18ಕ್ಕೆ ಇಳೀತದೆ, ಪಟ್ಟಿ ಬಟ್ಟಲಿನ ಹಾಗೆ ಒಳಗೆ ತಿರುಗ್ತದೆ. ಅಂಚಿನ ಸರಪಳಿಯಿಂದ ಆಚೆ 16, ಈಚೆ 16 ಎತ್ತಿಕೋ. ಮೇಲ್ಗಡೆಯ 32 ಸೇರಿದರೆ ಒಟ್ಟು 82. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೂ ಬದಿಯಲ್ಲಿ ಒಂದೊಂದು ಕಡಿಮೆ ಮಾಡಿ ಮತ್ತೆ 64ಕ್ಕೆ ತಾ. ಪಾದದ ಇಕ್ಕೆಲದಲ್ಲಿ ಮುಕ್ಕೋನ ಬೀಳ್ತದೆ, ಅದು ಬಿದ್ದರೆ ನಿನ್ನ ಲೆಕ್ಕ ಸರಿ ಇದೆ ಅಂತ.

ಮಗಳು: ಬೆರಳ ತುದಿ?

ದೊಡ್ಡಮ್ಮ: ಕಡಿಮೆ ಮಾಡುತ್ತಾ ಬಂದು ಮೇಲಿನ ಕುಣಿಕೆ ಕೆಳಗಿನ ಕುಣಿಕೆ ಎದುರುಬದುರು ಇಟ್ಟು, ಹೊಲಿಗೆ ಸೂಜಿಯಲ್ಲಿ ಹೆಣಿಗೆಯ ದಾರಿಯನ್ನೇ ಅನುಸರಿಸಿ ಜೋಡಿಸುವುದು. ಅದಕ್ಕೆ ಕಿಚನರ್ ಹೊಲಿಗೆ ಅಂತ ಹೆಸರು. 1902ರಿಂದ 1909ರವರೆಗೆ ನಮ್ಮ ದೇಶದಲ್ಲಿ ಸೇನಾಧಿಪತಿ ಆಗಿದ್ದನಲ್ಲ, ಆ ಲಾರ್ಡ್ ಕಿಚನರ್‌ನ ಹೆಸರು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಮನೆಮನೆಯಲ್ಲಿ ಕಾಲುಚೀಲ ಹೆಣೆದು ಕಳಿಸ್ತಿದ್ದರು. ತುದಿಯಲ್ಲಿ ಗಂಟು, ದಪ್ಪ ಹೊಲಿಗೆ ಇದ್ದರೆ ಒದ್ದೆ ಬೂಟಿನೊಳಗೆ ಬೆರಳು ಕಿತ್ತುಹೋಗ್ತದೆ. ಜೋಡಿಸಿದ್ದು ಗೊತ್ತೇ ಆಗಬಾರದು, ಆ ಹೊಲಿಗೆಯ ಉದ್ದೇಶ ಅದು.

ಮಗಳು: ನೂಲು ಯಾವುದು ತರಲಿ? ಪುತ್ತೂರಿನಲ್ಲಿ ಉಲ್ಲನ್ ಉಂಡೆ ಬೇಕಾದಷ್ಟು ಬಣ್ಣದಲ್ಲಿ ಸಿಗ್ತದೆ.

ದೊಡ್ಡಮ್ಮ: ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಒಂದು ಎಳೆ ಸುಟ್ಟು ನೋಡು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರ್ತದೆ, ಉಜ್ಜಿದರೆ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯ ಹಾಗೆ ನಿಲ್ತದೆ. ಟೊಪ್ಪಿಗೆ, ಶಾಲಿಗೆ ಅಕ್ರಿಲಿಕ್ ಆದೀತು. ಕಾಲಿಗೆ ಬೇಡ, ಬೆವರನ್ನು ಹೀರುವುದಿಲ್ಲ. ಹತ್ತಿ ಹೀರ್ತದೆ, ಆದರೆ ಎಳೆದರೆ ಮರಳಿ ಬರುವ ಗುಣ ಇಲ್ಲ. ಹತ್ತಿಯ ಲೇಸ್ ಕಾಲುಚೀಲ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಹರಡಿನ ಹತ್ತಿರ ಜಾರಿ ಬಂದಿರ್ತದೆ. ಕಾಲುಚೀಲಕ್ಕೆ ಅಂತಲೇ ಬರುವ ನೂಲಿನಲ್ಲಿ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್. ನೈಲಾನ್ ಹಿಮ್ಮಡಿ ಸವೆಯದ ಹಾಗೆ ಕಾಯ್ತದೆ. 100 ಗ್ರಾಮಿನ ಉಂಡೆಯಲ್ಲಿ ಸುಮಾರು 400 ಮೀಟರ್ ಇರ್ತದೆ, ದೊಡ್ಡವರ ಒಂದು ಜೋಡಿಗೆ ಸಾಕು. ಬೆಲೆ ಜಾಸ್ತಿ, ಸುಳ್ಳು ಹೇಳುವುದಿಲ್ಲ.

ಮಗಳು: ನಮ್ಮದೇ ಕುರಿಯ ಉಣ್ಣೆ ಇಲ್ವಾ? ಚಳ್ಳಕೆರೆಯ ಕಂಬಳಿ ನಮ್ಮ ಮನೆಯಲ್ಲೇ ಉಂಟು.

ದೊಡ್ಡಮ್ಮ: ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಬರಿ ಕಾಲಿಗೆ ಚುಚ್ಚುತ್ತದೆ. ಆದರೆ ಕಂಬಳಿಯನ್ನು ನೆನಪು ಮಾಡಿದ್ದು ಒಳ್ಳೆಯದಾಯಿತು. ಹಿಂದೆ ಮಳೆಗೆ ಕಂಬಳಿ ಕೊಪ್ಪೆ ಹಾಕಿಯೇ ಗದ್ದೆಗೆ ಇಳೀತಿದ್ದರು. ಮಳೆಗೆ ಉಣ್ಣೆಯನ್ನು ಆರಿಸಿದ್ದು ಯಾಕೆ? ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನವರೆಗೆ ತೇವ ಹೀರಿಕೊಂಡರೂ ಮೈಗೆ ಒದ್ದೆ ಅಂತ ಅನಿಸುವುದಿಲ್ಲ. ಆಟಿ ತಿಂಗಳಲ್ಲಿ ತೋಟದಿಂದ ಬಂದು, ಕಾಲು ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿದ ಮೇಲೆ ಸಪೂರ ಉಣ್ಣೆಯ ಲೇಸ್ ಚೀಲ ಹಾಕಿ ನೋಡು. ಪಾದ ಬೆಚ್ಚಗೆ ಇರ್ತದೆ, ಕಿಂಡಿಯಲ್ಲಿ ಗಾಳಿಯೂ ಆಡ್ತದೆ. ನಮ್ಮ ಊರಿನ ಮಳೆಗಾಲಕ್ಕೆ ಲೇಸ್ ಹೊಂದುತ್ತದೆ ಅಂತ ನಾನು ಹೇಳುವುದು ಇದಕ್ಕೆ. ಸಾದಾ ದಪ್ಪ ಕಾಲುಚೀಲಕ್ಕಿಂತ ಬೇಗ ಒಣಗ್ತದೆ ಸಹ. ಬಿಸಿಲಿಲ್ಲದ ದಿನ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ರಾತ್ರಿಗೆ ಸಿಗ್ತದೆ, ಸ್ವಲ್ಪ ಹೊಗೆಯ ವಾಸನೆ ಬಂದೀತು. ಕಪಾಟಿನಲ್ಲಿ ಇಡುವಾಗ ಪೂರ್ತಿ ಒಣಗಿರಬೇಕು. ಬಜೆಯ ತುಂಡು, ಲಾವಂಚದ ಬೇರು ಒಟ್ಟಿಗೆ ಇಡು. ಉಣ್ಣೆಗೆ ಹುಳ ಬಿದ್ದರೆ ಒಂದೇ ಮಳೆಗಾಲದಲ್ಲಿ ಎಲ್ಲ ಹೋಗ್ತದೆ.

ಮಗಳು: ಅಜ್ಜಿಗೆ ಮೊದಲು ಮಾಡ್ತೇನೆ ಅಂತ ಎಣಿಸಿದ್ದೆ. ಅವರಿಗೆ ಕಾಲು ತಣ್ಣಗಾಗ್ತದೆ ಅಂತ ಯಾವಾಗಲೂ ಹೇಳ್ತಾರೆ.

ದೊಡ್ಡಮ್ಮ: ಅಜ್ಜಿಗೆ ಮಾಡು, ಆದರೆ ನಮ್ಮ ನೆಲ ನೋಡಿ ಮಾಡು. ಹಳೇ ಕಾವಿ ನೆಲ, ಒರೆಸಿ ಒರೆಸಿ ಕನ್ನಡಿ ಆಗಿದೆ. ಮಳೆಗಾಲದಲ್ಲಿ ಬೆವರ್ತದೆ. ಅದರ ಮೇಲೆ ಉಣ್ಣೆಯ ಚೀಲ ಹಾಕಿ ಅಜ್ಜಿ ರಾತ್ರಿ ಎದ್ದು ನಡೆದರೆ ಜಾರುವುದಕ್ಕೆ ಒಂದು ಕ್ಷಣ ಸಾಕು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ. ಅವರಿಗೆ ಹಾಸಿಗೆಯಲ್ಲಿ ಮಾತ್ರ ಹಾಕುವ ಚೀಲ ಮಾಡು, ಎದ್ದು ನಡೆಯುವಾಗ ತೆಗೆಯುವುದು. ಅದು ಅವರಿಗೆ ನೆನಪಿರುವುದಿಲ್ಲ ಅಂತಾದರೆ ಬೆರಳು, ಹಿಮ್ಮಡಿ ಎರಡೂ ಬಿಟ್ಟು, ಮೀನಖಂಡದಿಂದ ಪಾದದ ನಡುವಿನವರೆಗೆ ಬರುವ ಕೊಳವೆ ಮಾಡು. ನೆಲಕ್ಕೆ ಅವರ ಹಿಮ್ಮಡಿಯೂ ಬೆರಳೂ ತಾಗಿರ್ತದೆ, ಕಾಲು ಬೆಚ್ಚಗಿರ್ತದೆ. ಅವರಿಗೆ ಲೇಸ್ ಎಷ್ಟು ಬೇಕಾದರೂ ಹಾಕಬಹುದು, ಸವೆಯುವ ಜಾಗವೇ ಇಲ್ಲ. ಅಳತೆ ಮಾತ್ರ ಸಂಜೆ ತೆಗಿ. ಬೆಳಿಗ್ಗೆ 8 ಇಂಚು ಇದ್ದ ಪಾದ ಸಂಜೆಗೆ ಊದಿಕೊಂಡಿರ್ತದೆ.

ಮಗಳು: ದೊಡ್ಡಪ್ಪನಿಗೆ?

ದೊಡ್ಡಮ್ಮ: ಅವರಿಗೆ ಲೇಸ್ ಬೇಡ.

ಮಗಳು: ಬೇಡವೇ ಬೇಡವಾ? ಮನೆಮಂದಿಗೆಲ್ಲ ಅಂದ ಮೇಲೆ ಅವರನ್ನು ಬಿಡುವುದು ಹೇಗೆ?

ದೊಡ್ಡಮ್ಮ: ಬಿಡುವುದಿಲ್ಲ. ಆದರೆ ಅವರದ್ದು ಸಕ್ಕರೆ ಕಾಯಿಲೆಯ ಪಾದ. ಸ್ಪರ್ಶ ಕಡಿಮೆ ಆಗಿದೆ. ಕಿಂಡಿಯ ಅಂಚು, ಸೇರಿಸಿದ ಕುಣಿಕೆಯ ದಪ್ಪ ಒತ್ತಿದರೂ ಅವರಿಗೆ ತಿಳಿಯುವುದಿಲ್ಲ. ನಮಗೆ ಸಣ್ಣ ಕೆರೆತ, ಅವರಿಗೆ ಹುಣ್ಣು. ಉಂಬಳ ಕಚ್ಚಿದ ಜಾಗವೇ ನೋಡು, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇರ್ತದೆ, ಉಂಬಳ ಬಿದ್ದು ಹೋದ ಮೇಲೂ ನೆತ್ತರು ಸುರೀತಾ ಇರ್ತದೆ. ಅವರಿಗೆ ಅದು ಗೊತ್ತಾಗುವುದು ಚಪ್ಪಲಿ ಕೆಂಪಾದ ಮೇಲೆ. ಅವರ ಕಾಲುಚೀಲಕ್ಕೆ ಬಿಳಿ ನೂಲು ತಾ, ಇಲ್ಲವೆ ತಿಳಿ ಬಣ್ಣ. ಒಂದು ಚುಕ್ಕೆ ರಕ್ತ ಬಂದರೂ ಎದ್ದು ಕಾಣಬೇಕು. ಒಳಬದಿ ನುಣ್ಣಗಿರಬೇಕು, ಒಂದು ಗಂಟೂ ಇರಬಾರದು. ಮೇಲಿನ ಪಟ್ಟಿ ಬಿಗಿಯಾಗಬಾರದು, ರಬ್ಬರ್ ಹಾಕಲೇಬಾರದು. ಸುತ್ತಳತೆಯಲ್ಲಿ ಹತ್ತಕ್ಕೆ ಒಂದು ಪಾಲು ಕಳೆಯುವ ಲೆಕ್ಕವೂ ಅವರಿಗೆ ಬೇಡ, ಅದರ ಅರ್ಧದಷ್ಟು ಕಳೆದರೆ ಸಾಕು. ಚಂದ ಬೇಕೇ ಬೇಕು ಅಂತ ನಿನಗೆ ಕಂಡರೆ ಮೇಲಿನ ಮಡಚುವ ಅಂಚಿನಲ್ಲಿ ಒಂದೇ ಸಾಲು ಕಿಂಡಿ ಬಿಡು, ಚರ್ಮಕ್ಕೆ ತಾಗದ ಕಡೆ.

ಮಗಳು: ನೀವು ಹೇಳಿದ್ದನ್ನು ಕೇಳಿದರೆ ಒಬ್ಬರಿಗೆ ಎಲೆ, ಇಬ್ಬರಿಗೆ ಅಲೆ, ಅಜ್ಜಿಗೆ ಕೊಳವೆ, ದೊಡ್ಡಪ್ಪನಿಗೆ ಸಾದಾ. ಇದರಲ್ಲಿ ಒಂದೇ ಮನೆಯದ್ದು ಅನ್ನುವುದು ಎಲ್ಲಿ ಉಳಿಯಿತು?

ದೊಡ್ಡಮ್ಮ: ಅಂಗಡಿಯ ಕಾಲುಚೀಲ ಸರಾಸರಿ ಪಾದಕ್ಕೆ ಮಾಡಿದ್ದು. ಸರಾಸರಿ ಪಾದ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನೀನು ಎಲ್ಲರಿಗೂ ಎಂಟು ಕುಣಿಕೆಯ ಎಲೆಯನ್ನೇ ಹೇರಿದರೆ ನೀನೂ ಅಂಗಡಿಯವರ ಕೆಲಸವನ್ನೇ ಕೈಯಲ್ಲಿ ಮಾಡಿದ ಹಾಗೆ. ಒಂದು ಜೋಡಿಯಲ್ಲಿ ಹತ್ತಿರ ಹತ್ತಿರ 20,000 ಕುಣಿಕೆ ಇರ್ತದೆ. ಅಷ್ಟೂ ಕುಣಿಕೆ ಹಾಕುವಾಗ ನಿನ್ನ ಮನಸ್ಸಿನಲ್ಲಿ ಇರುವುದು ಆ ಒಬ್ಬರ ಪಾದ. ಅಣ್ಣನ ಎಡಗಾಲು ಬಲಗಾಲಿಗಿಂತ ಸ್ವಲ್ಪ ಉದ್ದ ಅಂತ ಅವನಿಗೇ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಂದೇ ಮನೆಯದ್ದು ಅಂತ ಕಾಣಬೇಕಾದರೆ ಬಣ್ಣದಲ್ಲಿ ತೋರಿಸು. ಎಲ್ಲರ ಮೇಲಂಚಿಗೂ ಒಂದೇ ಉಂಡೆಯ ಅಡಿಕೆ ಬಣ್ಣ ಹಾಕು.

ಮಗಳು: ಇನ್ನೊಂದು ಕೇಳಬೇಕು ಅಂತ ಇತ್ತು. ಕೆಟ್ಟದು ಅನಿಸಬಾರದು. ಇಡೀ ಮನೆಗೆ ಹೆಣೆಯುವುದು ಯಾವಾಗಲೂ ಹೆಂಗಸರೇ. ಅಡಿಗೆ, ಹಟ್ಟಿ, ತೋಟ ಎಲ್ಲ ಮುಗಿಸಿ, ಮತ್ತೆ ಇದು. ಇದನ್ನೂ ಪ್ರೀತಿ ಅಂತ ಕರೆದು ನಮ್ಮ ತಲೆಗೇ ಕಟ್ಟಿದ ಹಾಗಾಗುವುದಿಲ್ವಾ?

ದೊಡ್ಡಮ್ಮ: ಕೆಟ್ಟದು ಯಾಕೆ, ಕೇಳಲೇಬೇಕಾದ್ದು. ಮಕ್ಕಳು ಸಣ್ಣವರಿದ್ದಾಗ, ತೋಟದ ಕೆಲಸ ಮೈಮೇಲೆ ಇದ್ದಾಗ ನಾನು ಕಡ್ಡಿ ಮುಟ್ಟಲಿಲ್ಲ. ಯಾರಾದರೂ ಹೆಣಿ ಅಂತ ಹೇಳಿದ್ದರೆ ಸಿಟ್ಟು ಬರ್ತಿತ್ತು. ಈಗ ಮಧ್ಯಾಹ್ನ ಊಟದ ಮೇಲೆ ಚಾವಡಿಯಲ್ಲಿ ಕೂತರೆ ಯಾರೂ ನನ್ನನ್ನು ಕರೆಯುವುದಿಲ್ಲ. ಆ ಹೊತ್ತು ನನ್ನದು ಅಂತ ಮನೆಯವರಿಗೆ ತಿಳಿದಿದೆ. ಅದಿಲ್ಲದೆ ಹೆಣೆಯಬಾರದು. ನಿನಗೂ ಅದನ್ನೇ ಹೇಳುವುದು, ಆಫೀಸು, ಮನೆ ಎರಡೂ ಮುಗಿಸಿ ನಿದ್ದೆಯಿಂದ ಕದ್ದು ಹೆಣೆಯಬೇಡ. ಇದು ಹೆಂಗಸರ ಕೆಲಸ ಅಂತ ಬಂದದ್ದೂ ಈಚೆಗೆ. ಯುರೋಪಿನಲ್ಲಿ ಹೆಣಿಗೆಯವರ ಸಂಘಗಳು ಇದ್ದಾಗ ಅದರಲ್ಲಿ ಇದ್ದವರು ಗಂಡಸರು. ಅಬರ್ಡೀನಿನ ಹುಡುಗ ಬೇಸಿಗೆ ರಜೆಗೆ ಬಂದಾಗ ಅವನ ಕೈಗೂ ಕಡ್ಡಿ ಕೊಡ್ತೇನೆ. ನಮ್ಮ ಹೊಲಿಗೆ ಕ್ಲಾಸಿಗೆ ಹುಡುಗರನ್ನು ಬಿಡ್ತಿರಲಿಲ್ಲ, ಅದು ಸರಿಯಾದದ್ದಲ್ಲ.

ಮಗಳು: ಲೇಸಿನ ಮಧ್ಯದಲ್ಲಿ ಒಂದು ಕುಣಿಕೆ ಜಾರಿದರೆ? ಸಾದಾ ಹೆಣಿಗೆಯಾದರೆ ಎತ್ತಿಕೊಳ್ತೇನೆ.

ದೊಡ್ಡಮ್ಮ: ಲೇಸಿನಲ್ಲಿ ಎತ್ತುವುದು ಕಷ್ಟ, ಕಿಂಡಿ ಯಾವುದು ಜಾರಿದ್ದು ಯಾವುದು ಅಂತ ತಿಳಿಯುವುದಿಲ್ಲ. ಒಂದು ಅಲೆ ಮುಗಿದು ಎಣಿಕೆ ಸರಿ ಬಂದ ಕೂಡಲೆ ಬೇರೆ ಬಣ್ಣದ ಹೊಲಿಗೆ ನೂಲನ್ನು ಸೂಜಿಯಲ್ಲಿ ಪೋಣಿಸಿ, ಆ ಸಾಲಿನ ಎಲ್ಲ ಕುಣಿಕೆಗಳೊಳಗಿಂದ ದಾಟಿಸಿ ಬಿಡು. ಮುಂದೆ ತಪ್ಪಿದರೆ ಅಲ್ಲಿಯವರೆಗೆ ಧೈರ್ಯವಾಗಿ ಬಿಚ್ಚಬಹುದು, ಆ ನೂಲು ಸಾಲನ್ನು ಹಿಡಿದು ನಿಲ್ಲಿಸ್ತದೆ. ಪೂರ್ತಿ ಮುಗಿದ ಮೇಲೆ ಎಳೆದು ತೆಗೆಯುವುದು.

ಮಗಳು: ಹಾಗಾದರೆ ಅಜ್ಜಿಯದ್ದು ಮೊದಲು ಬೇಡ, ಯಾರದ್ದು ಶುರು ಮಾಡಲಿ?

ದೊಡ್ಡಮ್ಮ: ಹುಡುಗನದ್ದು. 48 ಕುಣಿಕೆ, 12ರ ಅಲೆ, ಹಿಮ್ಮಡಿ ಸಣ್ಣದು. ತಪ್ಪಿದರೂ ಬಿಚ್ಚಲಿಕ್ಕೆ ಸಂಕಟ ಆಗುವುದಿಲ್ಲ. ಮೇಲಿನಿಂದ ಕೆಳಗೆ ಹೆಣಿ, ಬೆರಳ ತುದಿ ಕೊನೆಗೆ ಬರಲಿ. ಉಳಿದ ನೂಲನ್ನು ಒಂದು ಕಾಗದಕ್ಕೆ ಸುತ್ತಿ, ಅವನ ಹೆಸರು, ಕುಣಿಕೆ, ಕಡ್ಡಿಯ ಗಾತ್ರ ಬರೆದು ಚೀಲದ ಜೊತೆಗೇ ಕಳಿಸು. ಬರುವ ವರ್ಷ ಅವನ ಪಾದ ಬೆಳೆದಿರ್ತದೆ. ಕಿಚನರ್ ಹೊಲಿಗೆ ಬಿಚ್ಚಿ, ತುದಿಯನ್ನಷ್ಟೇ ಹಿಂದಕ್ಕೆ ಬಿಚ್ಚಿ, ಅದೇ ನೂಲಿನಲ್ಲಿ ಬೇಕಾದಷ್ಟು ಉದ್ದ ಮಾಡಬಹುದು. ಅತ್ತಿಗೆಗೆ ಫೋನ್ ಮಾಡಿ ಅವನನ್ನು ನಿಲ್ಲಿಸಿ ಇನ್ನೊಂದು ಸಲ ಅಳೆಯಲಿಕ್ಕೆ ಹೇಳು, ಎರಡೂ ಪಾದ.